ಗಾಜಿನ ಹೆಂಚಿನ ಬೆಳಕು ಆಮೆಮರಿಗೆ ಬಿಸಿಲಲ್ಲ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಸಾಕು ಆಮೆಗಳ ಬಗ್ಗೆ ಬಂದ ಬರಹ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದನ್ನೇ ನಂಬಿಕೊಂಡು ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಆಮೆಮರಿ ಸಾಕಲು ಹೊರಟರೆ ಮೊದಲ ಮಳೆಗಾಲದಲ್ಲೇ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ದಿನಾ ಬಿಸಿಲು ತೋರಿಸಿ, ಸುತ್ತ ತೇವ ಇರಲಿ, ಹಸಿರು ಸೊಪ್ಪು ಕೊಡಿ ಎಂದು ಮೂರು ಮಾತಿನಲ್ಲಿ ಮುಗಿಸಿದ್ದಾರೆ. ಬೆಂಗಳೂರಿಗೆ ಅಷ್ಟು ಸಾಕೇನೋ. ಆರಿದ್ರಾ ಮಳೆ ಹಿಡಿದರೆ ಮಘೆ ಮುಗಿಯುವ ತನಕ ಸೂರ್ಯನ ಮುಖ ಸರಿಯಾಗಿ ಕಾಣದ ಊರು ನಮ್ಮದು. ದಿನಾ ಬಿಸಿಲು ಎಲ್ಲಿಂದ ತರೋಣ? ಇನ್ನು ತೇವದ ಮಾತು ಬಿಡಿ. ನಮ್ಮಲ್ಲಿ ಕಪಾಟಿನೊಳಗಿನ ಬೆಲ್ಟಿಗೂ ಬೂಷ್ಟು ಬರುತ್ತದೆ.

ನಾನು ಪಶುಪಾಲನಾ ಇಲಾಖೆಯಲ್ಲಿ ಜಾನುವಾರು ಅಧಿಕಾರಿಯಾಗಿದ್ದು ನಿವೃತ್ತನಾದವನು. ದನ, ಎಮ್ಮೆ, ಕೋಳಿ ನೋಡಿಕೊಂಡೇ ಸರ್ವೀಸು ಮುಗಿಯಿತು. ಆಮೆ ನಮ್ಮ ಪಾಠದಲ್ಲಿ ಇರಲಿಲ್ಲ. ಈಗ ಮೊಮ್ಮಗಳ ದೆಸೆಯಿಂದ ಮನೆಯಲ್ಲಿ ಎರಡು ಆಮೆಮರಿ ಇವೆ. ಗುಂಡ, ಪುಟ್ಟಿ ಅಂತ ಹೆಸರು. ಪುಟ್ಟಿ ಹೆಣ್ಣೋ ಗಂಡೋ ದೊಡ್ಡದಾದ ಮೇಲೇ ಗೊತ್ತಾಗಬೇಕು, ಆದರೆ ಮೊಮ್ಮಗಳು ಕಾಯುವುದಿಲ್ಲ. ಇವುಗಳ ದೆಸೆಯಿಂದ ಸುತ್ತಲಿನವರೂ ತಮ್ಮ ಮನೆಯ ಆಮೆಗೆ ಏನಾದರೂ ಆದರೆ ರಟ್ಟಿನ ಡಬ್ಬದಲ್ಲಿ ಹಾಕಿಕೊಂಡು ನಮ್ಮ ಜಗಲಿಗೆ ಬರುತ್ತಾರೆ. ಹಾಗೆ ಬಂದವುಗಳಲ್ಲಿ ಹೆಚ್ಚಿನವು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬಂದವು. ಅದಕ್ಕೇ ಈ ಪತ್ರ.

ಮೊದಲು ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಬೆನ್ನ ಮೇಲೆ ಹಳದಿ ನಕ್ಷತ್ರದ ಗೆರೆ ಇರುವ ಆಮೆ ಮನೆಯಲ್ಲಿದ್ದರೆ ಈ ಪತ್ರ ನಿಮಗಲ್ಲ. ನಕ್ಷತ್ರ ಆಮೆ ಸಾಕುವುದು ಅಪರಾಧ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದಾಗ ಅದನ್ನು ಹುಲಿ, ಆನೆ ಇರುವ ಒಂದನೇ ಷೆಡ್ಯೂಲಿಗೆ ಸೇರಿಸಿದ್ದಾರೆ. ಅದು ಕೋಲಾರ, ಆಂಧ್ರದ ಕಡೆಯ ಒಣ ಕುರುಚಲು ಭೂಮಿಯ ಪ್ರಾಣಿ. ಮನೆಗೆ ಅದೃಷ್ಟ ಬರುತ್ತದೆ ಅಂತ ಚೀಲದಲ್ಲಿ ಮುಚ್ಚಿಕೊಂಡು ಮಲೆನಾಡಿಗೆ ತರುತ್ತಾರೆ. ಅದೃಷ್ಟ ಮನೆಗೆ ಬಂತೋ ಇಲ್ಲವೋ, ಆಮೆಯದ್ದಂತೂ ಅಲ್ಲಿಗೆ ಮುಗಿಯಿತು. ಮಳೆ ಬಿದ್ದಾಗ ಗದ್ದೆ ಬದುವಿನಲ್ಲಿ ಕಾಣುವ ನಮ್ಮ ಕರಿ ಆಮೆಯನ್ನೂ ಹಾಗೆಯೇ ಬಿಟ್ಟುಬಿಡಿ. ಈಗಾಗಲೇ ಇಟ್ಟುಕೊಂಡಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಿ.

ನಮ್ಮ ಮನೆಯವು ಆಫ್ರಿಕಾ ಮೂಲದ ಸಲ್ಕಾಟ. ಸಹರಾ ಮರುಭೂಮಿಯ ದಕ್ಷಿಣದ ಅಂಚಿನವು. ಇಂಥ ವಿದೇಶಿ ಜಾತಿಗಳಿಗೂ 2024ರಲ್ಲಿ ನಿಯಮ ಬಂದಿದೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು, ಹೊಸದಾಗಿ ತಂದರೆ 30 ದಿನದೊಳಗೆ. 'ಅದೆಲ್ಲ ಏನೂ ಬೇಡ ಸಾರ್' ಎಂದು ಅಂಗಡಿಯವನು ಅಂದರೆ ಕೈಬೀಸಿಕೊಂಡು ವಾಪಸ್ ಬನ್ನಿ.

ಈಗ ಚಿಪ್ಪಿನ ವಿಷಯ. ಚಿಪ್ಪು ಅಂದರೆ ಆಮೆ ಹೊತ್ತುಕೊಂಡಿರುವ ಏನೋ ಒಂದು ಮುಚ್ಚಳ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಮೂಳೆ. ಬೆನ್ನೆಲುಬು, ಪಕ್ಕೆಲುಬು ಎಲ್ಲ ಅದರಲ್ಲೇ ಕೂಡಿಕೊಂಡಿವೆ. ಮೇಲೆ ಕಾಣುವ ಬಿಲ್ಲೆಗಳು ಮಾತ್ರ ಕೆರಟಿನ್, ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದೇ. ಮುಟ್ಟಿದರೆ ಅದಕ್ಕೆ ಗೊತ್ತಾಗುತ್ತದೆ. ಹಾಗಾಗಿ ಚಿಪ್ಪು ಗಟ್ಟಿಯಾಗಬೇಕಾದರೆ ಒಳಗಿನಿಂದಲೇ ಆಗಬೇಕು. ಹೊಳೆಯಲಿ ಅಂತ ಕೊಬ್ಬರಿ ಎಣ್ಣೆ ಸವರುವುದು, ಅರಿಶಿನ ಹಚ್ಚುವುದು ಇದರಿಂದ ಒಂದು ಗುಲಗಂಜಿಯಷ್ಟೂ ಉಪಯೋಗವಿಲ್ಲ. ಎಣ್ಣೆಗೆ ಧೂಳು ಅಂಟಿ, ನಮ್ಮ ಹವೆಗೆ ಬೂಷ್ಟು ಹಿಡಿಯುವುದಷ್ಟೇ ಲಾಭ.

ಮೂಳೆಗೆ ಸುಣ್ಣದಂಶ ಬೇಕು ಅಂತ ಎಲ್ಲರಿಗೂ ಗೊತ್ತು. ತಿಂದ ಸುಣ್ಣದಂಶ ಮೈಗೆ ಹತ್ತಬೇಕಾದರೆ ವಿಟಮಿನ್ ಡಿ3 ಬೇಕು. ಬಿಸಿಲಿನಲ್ಲಿರುವ ಯುವಿಬಿ ಎಂಬ ಕಿರಣ ಮೈಮೇಲೆ ಬಿದ್ದರೆ ಆಮೆ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಮಲೆನಾಡಿನಲ್ಲಿ ಎಡವಟ್ಟಾಗುವುದು ಇಲ್ಲೇ. ಆ ಕಿರಣ ಗಾಜನ್ನು ದಾಟಿ ಬರುವುದಿಲ್ಲ.

ನಮ್ಮ ಹೆಂಚಿನ ಮನೆಗಳಲ್ಲಿ ನಡುಮನೆ ಕತ್ತಲು. ಅದಕ್ಕೆ ಮಾಡಿನಲ್ಲಿ ಅಲ್ಲಲ್ಲಿ ಗಾಜಿನ ಹೆಂಚು ಹಾಕಿರುತ್ತೇವೆ. ಅದರಿಂದ ನೆಲದ ಮೇಲೆ ಒಂದು ಚೌಕ ಬೆಳಕು ಬೀಳುತ್ತದಲ್ಲ, ಆಗುಂಬೆ ರಸ್ತೆಯ ಒಂದು ಮನೆಯಲ್ಲಿ ಸರಿಯಾಗಿ ಅದರ ಕೆಳಗೇ ಆಮೆಯ ಗಾಜಿನ ತೊಟ್ಟಿ ಇಟ್ಟಿದ್ದರು. ಬೆಳಕು ಸರಿದ ಹಾಗೆ ತೊಟ್ಟಿಯನ್ನೂ ಸರಿಸುತ್ತಿದ್ದರು, ಪಾಪ. ಅಷ್ಟು ಪ್ರೀತಿ. ಮೇಲಿಂದ ಒಂದು ಗಾಜು, ಬದಿಯಲ್ಲಿ ಇನ್ನೊಂದು ಗಾಜು. ಮರಿಗೆ ಸಿಕ್ಕಿದ್ದು ಬರೀ ಬೆಳಕು. ಚಿಪ್ಪಿನ ಅಂಚನ್ನು ಬೆರಳಿನಿಂದ ಒತ್ತಿದರೆ ಒಳಗೆ ಬಗ್ಗುತ್ತಿತ್ತು. ನಡೆಯುವಾಗ ಮೈ ಎತ್ತಲಾಗದೆ ಹೊಟ್ಟೆಯ ಚಿಪ್ಪು ನೆಲಕ್ಕೆ ಉಜ್ಜುತ್ತಿತ್ತು. ದವಡೆಗೂ ಬಲವಿಲ್ಲದೆ ಸೊಪ್ಪು ಕಚ್ಚಿ ಎಳೆಯಲು ಆಗುತ್ತಿರಲಿಲ್ಲ. ಮೊಟ್ಟೆಯಿಂದ ಬಂದ ಮೊದಲ ಕೆಲವು ತಿಂಗಳು ಚಿಪ್ಪು ಸ್ವಲ್ಪ ಮೆತ್ತಗಿರುವುದು ಸಹಜ. ಆದರೆ ಇದು ವರ್ಷ ದಾಟಿದ ಮರಿ. ಮಾರಿದ ಅಂಗಡಿಯವರು ಜೊತೆಗೆ ಒಂದು ಎಲ್‌ಇಡಿ ಬಲ್ಬು ಕೊಟ್ಟು 'ಇದೇ ಬಿಸಿಲು' ಅಂದಿದ್ದರಂತೆ. ಅಂಗಡಿಯ ಹೆಸರು ಬೇಡ. ಎಲ್ಲಾ ಕಡೆ ಇದೇ ಕಥೆ.

ದನ ಕರು ಹಾಕಿ ಹಾಲುಜ್ವರ ಬಂದು ಬಿದ್ದುಕೊಂಡಾಗ ನರಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸಿದರೆ ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಂತು ಸಗಣಿ ಹಾಕುವುದನ್ನು ನಮ್ಮ ಊರಿನವರೆಲ್ಲ ನೋಡಿದ್ದಾರೆ. ಆಮೆಗೂ ಹಾಗೆ ಒಂದು ಇಂಜೆಕ್ಷನ್ ಕೊಡಿ ಅಂತ ಕೇಳುತ್ತಾರೆ. ಆಮೆಯ ಮೂಳೆ ಹಾಗೆ ಸರಿಹೋಗುವುದಿಲ್ಲ. ತಿಂಗಳುಗಟ್ಟಲೆ ಬೇಕು. ಸೊಟ್ಟಗಾದ ಚಿಪ್ಪು ಗಟ್ಟಿಯಾದೀತು, ಆದರೆ ಸೊಟ್ಟ ಸೊಟ್ಟವಾಗಿಯೇ ಉಳಿಯುತ್ತದೆ.

ದೀಪಾವಳಿಯಿಂದ ಯುಗಾದಿ ತನಕ ನಮಗೆ ಚಿಂತೆಯಿಲ್ಲ. ಅಡಿಕೆ ಒಣಗಿಸುವ ಅಂಗಳದಲ್ಲೇ ಬೆಳಗಿನ ಬಿಸಿಲಿಗೆ ಬಿಡಬಹುದು. ಮೇಲೆ ಜಾಲರಿ ಇರಲಿ, ಕಾಗೆ, ಮುಂಗುಸಿ, ನಾಯಿ ಮೂರಕ್ಕೂ ಮರಿಯ ಮೇಲೆ ಕಣ್ಣು. ಅರ್ಧ ಜಾಗ ನೆರಳಾಗಿರಲಿ. ಗಾಜಿನ ತೊಟ್ಟಿಯ ಸಮೇತ ಬಿಸಿಲಿಗೆ ಇಡಲೇಬೇಡಿ, ಒಳಗೆ ಬೆಂದುಹೋಗುತ್ತದೆ. ಮಳೆಗಾಲಕ್ಕೆ ಮಾತ್ರ ಯುವಿಬಿ ಟ್ಯೂಬ್ ಹಾಕದೆ ವಿಧಿಯಿಲ್ಲ. ಸರೀಸೃಪಗಳಿಗೆ ಅಂತಲೇ ಬರುವ ಟ್ಯೂಬ್ ಅದು. ದಿನಕ್ಕೆ 10ರಿಂದ 12 ಗಂಟೆ ಉರಿಯಬೇಕು. ಮಧ್ಯದಲ್ಲಿ ಗಾಜು, ಪ್ಲಾಸ್ಟಿಕ್ ಏನೂ ಇರಬಾರದು. ಕೆಂಪು ಬಲ್ಬು ಬಿಸಿ ಕೊಡುತ್ತದೆ, ಯುವಿಬಿ ಕೊಡುವುದಿಲ್ಲ. ಇನ್ನೊಂದು ವಿಷಯ, ಕಣ್ಣಿಗೆ ಟ್ಯೂಬ್ ಚೆನ್ನಾಗಿಯೇ ಉರಿಯುತ್ತಿರುತ್ತದೆ, ಆದರೆ ಒಳಗಿನ ಯುವಿಬಿ ಆರು ತಿಂಗಳಿಂದ ಒಂದು ವರ್ಷದೊಳಗೆ ಇಳಿದುಹೋಗಿರುತ್ತದೆ. ನಾವು ಹೋಲ್ಡರಿನ ಮೇಲೆ ಹಾಕಿದ ತಾರೀಖು ಬರೆದಿಡುತ್ತೇವೆ.

ತೇವದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಆಮೆಮರಿಯ ಬೆನ್ನಿನ ಬಿಲ್ಲೆಗಳು ಒಂದೊಂದೂ ಗೋಪುರದ ಹಾಗೆ ಎದ್ದು ನಿಲ್ಲುವ ತೊಂದರೆಯೊಂದಿದೆ. ಮೊದಲು ಇದಕ್ಕೆ ಪ್ರೋಟೀನ್ ಜಾಸ್ತಿ ತಿನ್ನಿಸಿದ್ದೇ ಕಾರಣ ಅನ್ನುತ್ತಿದ್ದರು. ವಿಯೆನ್ನಾದ ಪಶುವೈದ್ಯರು ಇದೇ ಸಲ್ಕಾಟ ಮರಿಗಳನ್ನು ಬೇರೆ ಬೇರೆ ತೇವದಲ್ಲಿ, ಬೇರೆ ಬೇರೆ ಪ್ರೋಟೀನ್ ಕೊಟ್ಟು ಬೆಳೆಸಿ ನೋಡಿ 2003ರಲ್ಲಿ ಪ್ರಕಟಿಸಿದರು. ಒಣ ಗಾಳಿಯಲ್ಲಿ ಬೆಳೆದ ಮರಿಗಳ ಬೆನ್ನು ಹೆಚ್ಚು ಎದ್ದಿತ್ತು. ಪ್ರೋಟೀನಿನ ಪಾತ್ರ ಅದರ ಮುಂದೆ ಸಣ್ಣದು. ಮರುಭೂಮಿಯ ಆಮೆಗೆ ತೇವ ಯಾಕೆ ಅಂತ ಅನ್ನಿಸಬಹುದು. ಅಲ್ಲಿ ಮರಿಗಳು ಹೊತ್ತೆಲ್ಲ ಹೊರಗೆ ಇರುವುದಿಲ್ಲ, ಬಿಲದೊಳಗೆ ಇರುತ್ತವೆ. ಬಿಲದ ಗಾಳಿಯಲ್ಲಿ ಪಸೆ ಇರುತ್ತದೆ.

ಇದನ್ನು ಕೇಳಿದ ನಮ್ಮ ಪಕ್ಕದ ಊರಿನ ಒಬ್ಬರು, 'ಹಾಗಾದರೆ ಆಮೆ ಸಾಕಲು ಆಗುಂಬೆಗಿಂತ ಒಳ್ಳೆ ಜಾಗ ಇಲ್ಲ ಬಿಡಿ' ಅಂದರು. ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ಅದು. ಅವರ ಲೆಕ್ಕ ಸರಿಯಾಗಿಯೇ ಇದೆ ಅನ್ನಿಸುತ್ತದೆ, ಅಲ್ವಾ? ಇಲ್ಲ. ಮರಿಗೆ ಬೇಕಾದ್ದು ಬೆಚ್ಚಗಿನ ತೇವ. ಜುಲೈನಲ್ಲಿ ನಮ್ಮ ಮನೆಯೊಳಗೆ ಇರುವುದು ಚಳಿಯ ತೇವ. ಬೆಚ್ಚಗಿನ ತೇವದಲ್ಲಿ ಚಿಪ್ಪು ನುಣ್ಣಗೆ ಬೆಳೆಯುತ್ತದೆ. ಚಳಿಯ ತೇವದಲ್ಲಿ ಮೂಗಿನಲ್ಲಿ ಗುಳ್ಳೆ ಬರುತ್ತದೆ, ಬಾಯಿ ತೆರೆದು ಉಸಿರಾಡುತ್ತದೆ, ಹೊಟ್ಟೆಯ ಕಡೆ ಚಿಪ್ಪಿನ ಸಂದುಗಳು ಕೊಳೆತು ವಾಸನೆ ಬರುತ್ತದೆ. ಪೆಟ್ಟಿಗೆಯ ಒಂದು ಮೂಲೆ 35 ಡಿಗ್ರಿ ಸೆಲ್ಸಿಯಸ್ ಇರಬೇಕು, ತಂಪಿನ ಮೂಲೆಯೂ 26-27ಕ್ಕಿಂತ ಇಳಿಯಬಾರದು. ಅಂದಾಜು ಬೇಡ, ಥರ್ಮಾಮೀಟರ್ ಇಡಿ. ಅಡಿಗೆ ಹಾಸಿದ ತೆಂಗಿನ ನಾರಿನ ಪುಡಿ ಒಳಗೆ ಪಸೆ ಇದ್ದು ಮೇಲೆ ಒಣಗಿರಬೇಕು. ಹಿಂಡಿದರೆ ನೀರು ಬರುತ್ತದೆ ಅಂದರೆ ಅದು ಕೆಸರುಗದ್ದೆ.

ಉಗುರು ಬೆಚ್ಚಗಿನ ನೀರಿನಲ್ಲಿ ದಿನಾ ಕಾಲು ಗಂಟೆ, ಇಪ್ಪತ್ತು ನಿಮಿಷ ಕೂರಿಸಿ. ನೀರು ಗದ್ದದ ಕೆಳಗೇ ಇರಲಿ. ನೀರು ಕುಡಿಯುತ್ತದೆ, ಅಲ್ಲೇ ಹೊಟ್ಟೆಯೂ ಖಾಲಿ ಮಾಡುತ್ತದೆ. ಬಿಳಿ ಬಿಳಿ ಏನೋ ಹೋಗುವುದು ನೋಡಿ ಹೆದರಬೇಡಿ. ಮೊಸರಿನಂತೆ ಮೆತ್ತಗಿದ್ದರೆ ಸರಿ. ಮರಳಿನ ಹಾಗೆ ಗರಗರ ಇದ್ದರೆ ನೀರು ಸಾಲುತ್ತಿಲ್ಲ. ಆ ಪಾತ್ರೆ ಅಡುಗೆಮನೆಗೆ ಬರಕೂಡದು, ಮುಟ್ಟಿದ ಮಕ್ಕಳು ಸೋಪಿನಲ್ಲಿ ಕೈ ತೊಳೆಯಲಿ. ಆಮೆಯ ಮೈಯಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣು ಇರಬಹುದು, ಅದಕ್ಕೆ ಏನೂ ಆಗುವುದಿಲ್ಲ, ನಮಗೆ ಭೇದಿ ಹತ್ತುತ್ತದೆ.

ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ನಮ್ಮಲ್ಲಿ ಕರೆಂಟು ಯಾವಾಗ ಬರುತ್ತದೆ ಅಂತ ಲೈನ್‌ಮ್ಯಾನ್‌ಗೂ ಗೊತ್ತಿರುವುದಿಲ್ಲ. ಟ್ಯೂಬ್ ಒಂದೆರಡು ದಿನ ಉರಿಯದಿದ್ದರೆ ಪ್ರಳಯವಾಗುವುದಿಲ್ಲ. ಬಿಸಿ ಹೋದರೆ ಕಷ್ಟ. ನಾವು ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಇಡುತ್ತೇವೆ. ಬಚ್ಚಲುಮನೆ ಬೆಚ್ಚಗಿರುತ್ತದೆ ನಿಜ, ಆದರೆ ಒಲೆಯ ಹೊಗೆ ಅದಕ್ಕೆ ಆಗುವುದಿಲ್ಲ. ಬೆಂಕಿ ಆರಿ ಹೊಗೆ ಹೋದ ಮೇಲೆ ಬೇಕಾದರೆ ಇಡಬಹುದು. ಮೈ ತಣ್ಣಗಿರುವಾಗ ಮೇವು ಹಾಕಬೇಡಿ. ಬಿಸಿ ಇಲ್ಲದೆ ಆಮೆಗೆ ತಿಂದದ್ದು ಅರಗುವುದಿಲ್ಲ.

ಮೇವಿನ ವಿಷಯದಲ್ಲಿ ಮಲೆನಾಡಿನವರು ಪುಣ್ಯವಂತರು. ಬೇಲಿಯಲ್ಲೇ ದಾಸವಾಳ ಇದೆ, ಎಲೆ ಹೂವು ಎರಡೂ ಆಗುತ್ತದೆ. ಗರಿಕೆ, ನುಗ್ಗೆಸೊಪ್ಪು, ಹಿಪ್ಪುನೇರಳೆ ಎಲೆ ಎಲ್ಲವೂ ಒಳ್ಳೆಯದು. ಪಾಪಾಸುಕಳ್ಳಿಯಲ್ಲಿ ಸುಣ್ಣದಂಶ ಚೆನ್ನಾಗಿದೆ. ನಮ್ಮಲ್ಲಿ ಅದು ಸಿಗುವುದಿಲ್ಲ, ಚಿತ್ರದುರ್ಗದ ಕಡೆ ಹೋದವರಿಗೆ ಹೇಳಿ ತರಿಸುತ್ತೇವೆ, ಮುಳ್ಳು ಸುಟ್ಟು ಕೊಡುತ್ತೇವೆ. ನೋಡಿ ಮನೆಯವರಿಗೆ ನಗು. ಪುರವಣಿಯಲ್ಲಿ ಪಾಲಕ್ ಚಿತ್ರ ಹಾಕಿದ್ದಿರಿ. ಪಾಲಕ್, ಹರಿವೆ, ಬಸಳೆ ಈ ಮೂರರಲ್ಲೂ ಆಕ್ಸಲೇಟ್ ಜಾಸ್ತಿ, ಅದು ಸುಣ್ಣದಂಶವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ. ಯಾವಾಗಲೋ ಒಮ್ಮೆ ಬೇರೆ ಸೊಪ್ಪಿನ ಜೊತೆ ನಾಲ್ಕೆಲೆ ಹೋದರೆ ಪರವಾಗಿಲ್ಲ. ದಿನಾ ಅದೇ ಆದರೆ ಚಿಪ್ಪು ಮೆತ್ತಗಾಗುವ ದಾರಿ. ಕೆಸುವಿನ ಎಲೆಯಲ್ಲಂತೂ ಆಕ್ಸಲೇಟ್ ಸೂಜಿಯಾಗಿಯೇ ಇದೆ. ಪತ್ರೊಡೆ ನಾವು ತಿನ್ನೋಣ. ಕಣಗಿಲೆ, ಲಂಟಾನ ವಿಷ. ಲಂಟಾನ ತಿಂದ ದನದ ಕಣ್ಣು ಹಳದಿಯಾಗಿ ಚರ್ಮ ಸುಲಿದದ್ದನ್ನು ಸರ್ವೀಸಿನಲ್ಲಿ ಎಷ್ಟು ನೋಡಿದ್ದೇನೋ. ಅನ್ನ, ಹಾಲು, ಬ್ರೆಡ್ಡು, ನಾಯಿಯ ಬಿಸ್ಕತ್ತು ಯಾವುದೂ ಬೇಡ. ಸಲ್ಕಾಟಕ್ಕೆ ಬಾಳೆಹಣ್ಣೂ ಬೇಡ. ಸೌತೆಕಾಯಿ ಬರೀ ನೀರು.

ಸುಣ್ಣದಂಶಕ್ಕೆ ಸುಲಭದ್ದು ಸಮುದ್ರದ ನೊರೆ ಅನ್ನುವ ಬಿಳಿ ತುಂಡು, ಪಂಜರದ ಹಕ್ಕಿಗಳಿಗೆ ಕಟ್ಟುತ್ತಾರಲ್ಲ, ಅದೇ. ಪೆಟ್ಟಿಗೆಯಲ್ಲಿ ಇಟ್ಟರೆ ಬೇಕಾದಾಗ ಕಚ್ಚಿಕೊಳ್ಳುತ್ತದೆ. ಎಲೆ ಅಡಿಕೆಯ ಸುಣ್ಣವನ್ನು ಸೊಪ್ಪಿಗೆ ಸವರಿ ಕೊಟ್ಟವರಿದ್ದಾರೆ. ದಯವಿಟ್ಟು ಬೇಡ, ಅದು ಬಾಯಿ ಸುಡುತ್ತದೆ. ದನಕ್ಕೆ ಕೊಡುವ ಖನಿಜ ಮಿಶ್ರಣವೂ ಬೇಡ. ಅದರಲ್ಲಿ ರಂಜಕವೂ ಇದೆ. ಆಮೆಯ ಮೇವಿನಲ್ಲಿ ರಂಜಕಕ್ಕಿಂತ ಸುಣ್ಣದಂಶ ಕಡಿಮೆಯೆಂದರೂ ಎರಡು ಪಟ್ಟು ಇರಬೇಕು. ಡಿ3 ಪುಡಿಯನ್ನು ಕೈಗೆ ಬಂದಷ್ಟು ಹಾಕುವವರೂ ಇದ್ದಾರೆ. ಅದು ಮಿತಿಮೀರಿದರೆ ಸುಣ್ಣ ಮೂಳೆ ಬಿಟ್ಟು ಮೂತ್ರಪಿಂಡ, ರಕ್ತನಾಳಕ್ಕೆ ಹೋಗಿ ಕೂರುತ್ತದೆ.

ನನ್ನ ಇಲಾಖೆಯ ಗೆಳೆಯರಿಗೆ ಒಂದು ಮಾತು. ಉಣ್ಣೆಗೂ ಹುಳಕ್ಕೂ ದನಕ್ಕೆ ಹಾಕುವ ಐವರ್ಮೆಕ್ಟಿನ್ ನಮ್ಮೆಲ್ಲರ ಬ್ಯಾಗಿನಲ್ಲಿ ಇರುತ್ತದೆ. ಆಮೆಗೆ ಅದನ್ನು ಹಾಕಲೇಬಾರದು. ಕೈಕಾಲು ಬಿದ್ದು ಸಾಯುತ್ತದೆ. ಯಾರೋ ಪರಿಚಯದವರು 'ಒಂದು ಹನಿ ಹಾಕಿ ಸಾರ್' ಅಂದರೆ ದಾಕ್ಷಿಣ್ಯಕ್ಕೆ ಬೀಳಬೇಡಿ.

ತೋಟದವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಕೊಳೆರೋಗಕ್ಕೆ ಅಡಿಕೆಗೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವುದು ಇದೇ ಮಳೆಗಾಲದಲ್ಲಿ. ಗೊನೆಯಿಂದ ತೊಟ್ಟಿಕ್ಕಿದ ಮೈಲುತುತ್ತ ಕೆಳಗಿನ ಹುಲ್ಲಿನ ಮೇಲೇ ಬೀಳುತ್ತದೆ. ತೋಟದ ಹುಲ್ಲು ಎಷ್ಟು ಹಸಿರಾಗಿದ್ದರೂ ಆಗ ಕೊಯ್ಯಬೇಡಿ. ಹಾಗೆಯೇ ಬೇಸಿಗೆಯಲ್ಲಿ ಆಮೆಯ ಪೆಟ್ಟಿಗೆಗೆ ಹಾಸಲು ಕಾಡಿನ ದರಗು ತರುವುದು ಬೇಡ. ಆಮೆಗಿಂತ ನಮ್ಮ ಕ್ಷೇಮಕ್ಕೆ ಈ ಮಾತು. ಮಂಗನ ಕಾಯಿಲೆಯ ಉಣ್ಣೆ ಆ ದರಗಿನಲ್ಲೇ ಇರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ ಕಾಯಿಲೆ ಇನ್ನೂ ನಮ್ಮ ಜಿಲ್ಲೆ ಬಿಟ್ಟಿಲ್ಲ.

ಇಷ್ಟೆಲ್ಲ ಮಾಡಿ ಮರಿ ಚೆನ್ನಾಗಿ ಬೆಳೆಯಿತು ಅನ್ನಿ. ಸಲ್ಕಾಟ 40 ಕೆಜಿ ದಾಟಬಲ್ಲದು. ಮನುಷ್ಯರಷ್ಟು ಕಾಲ ಬದುಕಬಲ್ಲದು. ದೊಡ್ಡದಾದ ಮೇಲೆ ಬಿಲ ತೋಡಲು ಶುರು ಮಾಡಿದರೆ ಅಂಗಳದ ಅಂಚು, ದರೆ ಏನೂ ಉಳಿಯುವುದಿಲ್ಲ. ಇದನ್ನು ಅಂಗೈಯಗಲದ ಮರಿ ಮಾರುವಾಗ ಯಾರೂ ಹೇಳುವುದಿಲ್ಲ. ಸಾಕಲಾಗದವರು ತುಂಗೆಗೆ ಬಿಟ್ಟು ಕೈಮುಗಿದು ಬರುವುದುಂಟು. ನೆಲದ ಆಮೆಗೆ ಈಜು ಬರುವುದಿಲ್ಲ, ಮುಳುಗಿ ಸಾಯುತ್ತದೆ.

ಸಂಪಾದಕರೇ, ನನ್ನ ಕೋರಿಕೆ ಎರಡೇ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನವರನ್ನು ಮಾತಾಡಿಸಿ, ಮಳೆಗಾಲದಲ್ಲಿ ಆಮೆಮರಿ ನೋಡಿಕೊಳ್ಳುವುದು ಹೇಗೆ ಅಂತ ಒಂದು ಪುಟ ಹಾಕಿ. ಬೆಂಗಳೂರಿನ ಬರಹಕ್ಕೆ ಇಲ್ಲಿಯ ತಲೆಬರಹ ಕೊಡುವುದು ಬೇಡ. ಎರಡನೆಯದು, ಅದನ್ನು ಮೇ ತಿಂಗಳಲ್ಲೇ ಹಾಕಿ. ಟ್ಯೂಬ್ ತರಿಸಬೇಕಾದರೆ ಮಳೆ ಹಿಡಿಯುವ ಮೊದಲೇ ಆರ್ಡರ್ ಮಾಡಬೇಕು. ಜುಲೈನಲ್ಲಿ ನಮ್ಮ ಕಡೆಗೆ ಕೊರಿಯರ್‌ನವನೂ ಬರುವುದಿಲ್ಲ, ನಿಮ್ಮ ಪೇಪರೂ ಮಧ್ಯಾಹ್ನದ ಮೇಲೆ ನೆನೆದುಕೊಂಡು ಬರುತ್ತದೆ.

ಇಂತಿ,
ನಿವೃತ್ತ ಜಾನುವಾರು ಅಧಿಕಾರಿ
ತೀರ್ಥಹಳ್ಳಿ ತಾಲ್ಲೂಕು